ನಿಯಮ ಬದಲಾಗಲಿ, ತಾರೀಕು ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ನಡೆದಿರುವ ಚರ್ಚೆ ಬಹುಮಟ್ಟಿಗೆ ಅವು ಕಾರ್ಮಿಕರ ಪರವೋ ಮಾಲೀಕರ ಪರವೋ ಎಂಬುದರ ಸುತ್ತಲೇ ಇದೆ. ಆ ಚರ್ಚೆ ಅಗತ್ಯವೇ. ಆದರೆ ಹುಬ್ಬಳ್ಳಿಯ ಕೆಲವು ಸಣ್ಣ ಕಾರ್ಖಾನೆ, ಅಂಗಡಿಗಳಿಗೆ ಪಗಾರದ ಲೆಕ್ಕ ಬರೆದುಕೊಡುವ ನನಗೆ, ಕಾನೂನಿನಲ್ಲಿ ಏನಿದೆ ಎಂಬುದಕ್ಕಿಂತ ಅದು ಬಂದ ರೀತಿಯ ಬಗ್ಗೆ ಹೇಳಬೇಕಾದ ಮಾತಿದೆ.

ವೇತನ ಸಂಹಿತೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2019ರಲ್ಲಿ. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆಯ ಸಂಹಿತೆಗಳಿಗೆ 2020ರಲ್ಲಿ. ಹಳೆಯ 29 ಕಾಯ್ದೆಗಳ ಜಾಗಕ್ಕೆ ಬರಬೇಕಿದ್ದ ಇವು ವರ್ಷಗಟ್ಟಲೆ ಕಪಾಟಿನಲ್ಲೇ ಉಳಿದವು. ಇನ್ನೇನು ಬಂದೇ ಬಿಟ್ಟವು ಎಂಬ ಸುದ್ದಿಯನ್ನು ಕೇಳಿ ಕೇಳಿ ಸಣ್ಣ ಉದ್ಯಮಿಗಳು ಅದನ್ನು ನಂಬುವುದನ್ನೇ ಬಿಟ್ಟಿದ್ದರು. ಕೊನೆಗೆ ಒಂದು ಶುಕ್ರವಾರ ಅಧಿಸೂಚನೆ ಹೊರಬಿತ್ತು, ಜಾರಿಯೂ ಅಂದಿನಿಂದಲೇ. ಆ ತಿಂಗಳ ಪಗಾರಕ್ಕೆ ಹತ್ತು ದಿನವೂ ಉಳಿದಿರಲಿಲ್ಲ.

ಬದಲಾವಣೆ ಸಣ್ಣದಾಗಿದ್ದರೆ ಈ ಅವಸರವನ್ನು ಸಹಿಸಬಹುದಿತ್ತು. ಆದರೆ ಇಲ್ಲಿ ಬದಲಾದದ್ದು 'ವೇತನ' ಎಂದರೆ ಯಾವುದು ಎಂಬ ಮೂಲ ಲೆಕ್ಕವೇ. ಮನೆ ಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟೂ ಈಗ ವೇತನಕ್ಕೆ ಸೇರುತ್ತದೆ. ತಿಂಗಳಿಗೆ 40,000 ರೂಪಾಯಿ ಸಂಬಳವಿದ್ದು, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೇವಲ 14,000, ಉಳಿದದ್ದೆಲ್ಲ ಇಂಥ ಭತ್ಯೆಗಳೇ ಆಗಿರುವ ಒಬ್ಬ ನೌಕರನನ್ನು ತೆಗೆದುಕೊಳ್ಳಿ. ಅವನು 20 ವರ್ಷ ದುಡಿದು ಹೊರಟರೆ ಹಳೆಯ ಲೆಕ್ಕದಲ್ಲಿ ಸಿಗುತ್ತಿದ್ದ ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕ ಕೊಡುವ ಇಡುಗಂಟು) 1,61,538 ರೂಪಾಯಿ; ಹೊಸ ಲೆಕ್ಕದಲ್ಲಿ ವೇತನ 20,000 ಆಗುವುದರಿಂದ 2,30,769 ರೂಪಾಯಿ. ಕೊನೆಯ ವೇತನದ ದರವನ್ನೇ ಇಡೀ ಸೇವಾವಧಿಗೆ ಅನ್ವಯಿಸುವುದರಿಂದ, ಕಳೆದುಹೋದ ವರ್ಷಗಳ ಹೊರೆಯೂ ಒಂದೇ ದಿನ ಹೆಗಲೇರುತ್ತದೆ. ಟಿಸಿಎಸ್, ಇನ್ಫೊಸಿಸ್‌ನಂಥ ಕಂಪನಿಗಳು ಡಿಸೆಂಬರ್ ತ್ರೈಮಾಸಿಕದ ಲೆಕ್ಕದಲ್ಲಿ ಇದಕ್ಕಾಗಿ ತಲಾ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ತೋರಿಸಿ ಮುಂದೆ ಸಾಗಿದವು. ಹದಿನೈದು ಮಂದಿಯ ಲೇತ್ ವರ್ಕ್‌ಶಾಪಿನಲ್ಲಿ ಅಂಥ ಗಂಟು ಎಲ್ಲಿರುತ್ತದೆ?

ನೌಕರನಿಗೆ ಸಿಗುವ ಈ ಹೆಚ್ಚುವರಿ ಹಣ ನ್ಯಾಯವಾದದ್ದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೂಲ ವೇತನವನ್ನು ತಗ್ಗಿಸಿ ಭತ್ಯೆಗಳನ್ನು ಉಬ್ಬಿಸುವ ಜಾಣತನ ಬಹಳ ಕಾಲ ನಡೆದಿದೆ. ನನ್ನ ವೃತ್ತಿಯವರೇ ಅದನ್ನು ಹೇಳಿಕೊಟ್ಟಿದ್ದಾರೆ ಎಂಬುದನ್ನೂ ಮರೆಮಾಚಬೇಕಿಲ್ಲ. ನಿಗದಿತ ಅವಧಿಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ, ನೇಮಕಾತಿ ಪತ್ರ ಕಡ್ಡಾಯ, ಇವೆಲ್ಲ ಎಂದೋ ಬರಬೇಕಿದ್ದವು.

ತಕರಾರು ಇರುವುದು ಕ್ರಮದ ಬಗ್ಗೆ. ಸಂಹಿತೆಗಳು ನವೆಂಬರಿನಲ್ಲಿ ಜಾರಿಯಾದವು. ಅವನ್ನು ಪಾಲಿಸುವುದು ಹೇಗೆಂದು ಹೇಳಬೇಕಾದ ಕೇಂದ್ರದ ನಿಯಮಗಳು ಕರಡು ರೂಪದಲ್ಲಿ ಮತ್ತೆ ಪ್ರಕಟವಾದದ್ದು ಡಿಸೆಂಬರ್ 30ರಂದು. ಅಲ್ಲಿಯವರೆಗೆ, ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯುತ್ತವೆ ಎಂದಾಯಿತು. ಯಾವುದು ವಿರುದ್ಧ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ. ಸಣ್ಣ ಮಾಲೀಕ ಕೇಳುವುದು ನನ್ನಂಥ ಲೆಕ್ಕಿಗನನ್ನು, ನಾನು ಇಲಾಖೆಯ ಪರಿಚಿತರನ್ನು. ಅವರು ಸುತ್ತೋಲೆಗೆ ಕಾಯುತ್ತಿರುತ್ತಾರೆ.

ರಾಜ್ಯವೂ ಹಿಂದೆ ಬಿದ್ದಿಲ್ಲ. ಖಾಸಗಿ ಸಂಸ್ಥೆಗಳ ಮಹಿಳೆಯರಿಗೂ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ಆದೇಶ ಹೊರಟದ್ದು ಅದೇ ನವೆಂಬರಿನಲ್ಲಿ. ಯೋಗ್ಯವಾದ ರಜೆಯೇ. ಆದರೆ ಆದೇಶವು ಹೆಸರಿಸಿರುವ ಕಾಯ್ದೆಗಳ ಪೈಕಿ 1948ರ ಕಾರ್ಖಾನೆಗಳ ಕಾಯ್ದೆಯೂ 1951ರ ತೋಟ ಕಾರ್ಮಿಕರ ಕಾಯ್ದೆಯೂ ಅದೇ ತಿಂಗಳು ಸಂಹಿತೆಯಲ್ಲಿ ವಿಲೀನಗೊಂಡು ರದ್ದಾದವು. ಇದಕ್ಕೆ ಕಾನೂನು ಪಂಡಿತರ ಬಳಿ ಉತ್ತರವಿದ್ದೇ ಇರುತ್ತದೆ. ಹಾಜರಿ ಪುಸ್ತಕ ಬರೆಯುವವನ ಬಳಿ ಇರುವುದಿಲ್ಲ. ಡಿಸೆಂಬರ್ 9ರಂದು ಹೈಕೋರ್ಟ್ ಈ ಆದೇಶಕ್ಕೆ ತಡೆ ನೀಡಿ ಅದೇ ದಿನ ತಡೆಯನ್ನು ಹಿಂಪಡೆಯಿತು. ಬೆಳಿಗ್ಗೆಯ ಸುದ್ದಿಯನ್ನಷ್ಟೇ ನೋಡಿ ರಜೆ ಇಲ್ಲವೆಂದುಕೊಂಡವರು ಎಷ್ಟು ಮಂದಿಯೋ.

ಕ್ರಮವಾಗಿ ಮಾಡಲು ಬರುವುದಿಲ್ಲವೆಂದೇನೂ ಅಲ್ಲ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ವ್ಯತ್ಯಾಸವಾಗುವ ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಎಲ್ಲರೂ ಅದಕ್ಕೆ ಸಿದ್ಧರಿರುತ್ತಾರೆ. ಫೆಬ್ರುವರಿ ತಿಂಗಳ ವೃತ್ತಿ ತೆರಿಗೆಯನ್ನು 200ರಿಂದ 300 ರೂಪಾಯಿಗೆ ಏರಿಸಿದ್ದು 2025ರ ಏಪ್ರಿಲ್‌ನಿಂದ ಅನ್ವಯವಾಗುವಂತೆ. ಕಡಿತಗೊಳಿಸುವ ತಿಂಗಳು ಬರುವಷ್ಟರಲ್ಲಿ ಎಲ್ಲರಿಗೂ ಸಾಕಷ್ಟು ಸಮಯ ಸಿಕ್ಕಿತ್ತು. ಬ್ರಿಟನ್ನಿನಲ್ಲಿ ಉದ್ಯೋಗ ಕಾನೂನಿನ ಬದಲಾವಣೆಗಳನ್ನು ಆದಷ್ಟೂ ಏಪ್ರಿಲ್ 6 ಅಥವಾ ಅಕ್ಟೋಬರ್ 1ರಂದೇ ಜಾರಿಗೆ ತರುವ ರೂಢಿಯಿದೆ.

ಅಂಗಡಿ, ಸಣ್ಣ ಕಾರ್ಖಾನೆಗಳ ಮಟ್ಟಿಗೆ ಸಂಹಿತೆಗಳ ನಿಯಮ ಮಾಡುವ ಅಧಿಕಾರ ಬಹುಪಾಲು ರಾಜ್ಯದ್ದೇ. ಆದ್ದರಿಂದ ಕಾರ್ಮಿಕ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಉದ್ಯೋಗದಾತರ ಮೇಲೆ ಹೊಸ ಹೊಣೆ ಹೊರಿಸುವ ಯಾವುದೇ ನಿಯಮ ಏಪ್ರಿಲ್ 1 ಅಥವಾ ಅಕ್ಟೋಬರ್ 1ರಂದು ಮಾತ್ರ ಜಾರಿಗೆ ಬರಲಿ. ಅದಕ್ಕೆ ಮೂರು ತಿಂಗಳು ಮುಂಚೆ ಅಂತಿಮ ನಿಯಮ, ನಮೂನೆ, ಲೆಕ್ಕದ ಮಾದರಿ ಮೂರೂ ಕನ್ನಡದಲ್ಲಿ ಒಟ್ಟಿಗೆ ಸಿಗಲಿ. ಜೀವರಕ್ಷಣೆಗೆ ಸಂಬಂಧಿಸಿದ ನಿಯಮಗಳಿಗೆ ಈ ಕಾಯುವಿಕೆ ಬೇಡ. ಬಾಯ್ಲರ್‌ನ ಸುರಕ್ಷತೆ ಏಪ್ರಿಲ್‌ಗೆ ಕಾಯಲಾರದು. ಜೊತೆಗೆ, ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಂಹಿತೆಗಳಲ್ಲಿ ವಿಲೀನವಾಗದೆ ಹಾಗೆಯೇ ಉಳಿದಿರುವುದರಿಂದ, ಅದರಡಿ ಇಡುತ್ತಿರುವ ರಿಜಿಸ್ಟರುಗಳೇ ಸಂಹಿತೆಗೂ ಸಾಕೇ, ಇಲ್ಲವೇ ಎರಡೆರಡು ಇಡಬೇಕೇ ಎಂಬುದಕ್ಕೆ ಇಲಾಖೆ ಲಿಖಿತ ಉತ್ತರ ಕೊಡಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಲೆಕ್ಕಿಗ, ಹುಬ್ಬಳ್ಳಿ