ಕಕ್ಕಡದಲ್ಲಿ ಕಾಫಿ ಹೂವು

ಮಡಿಕೇರಿ,
ಜೂನ್ ಕೊನೆ, ಬಿಡದ ಮಳೆ

ಪ್ರೀತಿಯ ತಂಗಿ,

ನೀನು ಕಳಿಸಿದ ಕಥೆಯ ಮೂರೂ ಪ್ರತಿ ಓದಿದೆ. ಕರೆಂಟ್ ಇರಲಿಲ್ಲ, ಮೇಣದಬತ್ತಿ ಹಚ್ಚಿಕೊಂಡೇ ಓದಿದೆ. ಮೂರನೆಯದನ್ನು ಓದುವಾಗ, ಬೇರೆ ಯಾರದ್ದೋ ಕಥೆ ಇದರಲ್ಲಿ ಸೇರಿಕೊಂಡಿದೆಯೇನೋ ಅನ್ನಿಸಿತು.

ಮೊದಲ ಪ್ರತಿಯಲ್ಲಿ ನಮ್ಮ ಕೊಡಗಿನ ಕಕ್ಕಡ ತಿಂಗಳ 18ರ ದಿನ ಅಜ್ಜಿ ಮದ್ದುಸೊಪ್ಪು ಬೇಯಿಸುತ್ತಾಳೆ. ಮನೆಯೆಲ್ಲ ಅದೇ ವಾಸನೆ. ಪಾಯಸ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಾರನೇ ಬೆಳಿಗ್ಗೆ, ಅದು ಸೊಪ್ಪಿನ ಬಣ್ಣ ಅಂತ ತಿಳಿಯದ ಬೆಂಗಳೂರಿನ ಅಳಿಯ ಮೂತ್ರ ಕೆಂಪಾಗಿದೆ ಅಂತ ಹೆದರಿ ಬಚ್ಚಲಿನಿಂದ ಓಡಿಬರುತ್ತಾನೆ. ಅಜ್ಜಿ ಬಿದ್ದು ಬಿದ್ದು ನಗುತ್ತಾಳೆ. ಆ ನಗುವಿನ ಮಧ್ಯೆಯೇ ತೋಟದ ಪಾಲಿನ ಜಗಳ ಏಳುತ್ತದೆ. ನಾನೂ ಒಬ್ಬಳೇ ಕೂತು ನಕ್ಕೆ, ಜಗಳ ಬಂದಾಗ ಸುಮ್ಮನಾದೆ.

ಆಮೇಲೆ? ಕಕ್ಕಡ ಅಂದರೆ ಓದುಗರಿಗೆ ಗೊತ್ತಾಗಲ್ಲ, ಆಷಾಢ ಮಾಡಿ ಅಂದರು ಸಂಪಾದಕರು. ನೀನು ಮಾಡಿದೆ. ಮೂತ್ರದ ಮಾತು ಅಸಹ್ಯ ಅಂದಳು ಗೆಳತಿ. ತೆಗೆದೆ. ದೊಡ್ಡಪ್ಪನ ಮಗ ಜಗಳವನ್ನೇ ತೆಗೆಸಿದ. ಇನ್ಯಾರಿಗೋ ಮಂಜು, ಕಾಫಿ ಹೂವು ಜಾಸ್ತಿ ಬೇಕಿತ್ತು. ಅದನ್ನೂ ಸುರಿದೆ. ಅಲ್ಲ ಮಾರಾಯ್ತಿ, ಕಾಫಿ ಹೂ ಬಿಡೋದು ಫೆಬ್ರವರಿ, ಮಾರ್ಚಿನ ಹೂಮಳೆಗೆ. ಕಕ್ಕಡ 18 ಬರೋದು ಆಗಸ್ಟ್ 3ರ ಹೊತ್ತಿಗೆ. ಆಗ ಗಿಡದಲ್ಲಿರೋದು ಹಸಿರು ಕಾಯಿ. ಇನ್ನು ಕಕ್ಕಡ ಸೂರ್ಯನ ಲೆಕ್ಕದ ತಿಂಗಳು, ಆಷಾಢ ಚಂದ್ರನ ಲೆಕ್ಕದ್ದು. ಎಷ್ಟೋ ವರ್ಷ ಕಕ್ಕಡ 18ಕ್ಕೆ ಶ್ರಾವಣವೇ ಶುರುವಾಗಿರುತ್ತದೆ. ಇದೆಲ್ಲ ನಿನಗೆ ಗೊತ್ತು, ತೋಟದಲ್ಲೇ ಬೆಳೆದವಳು ನೀನು. ಆದರೂ ‘ಆಗಲಿ’ ಅಂದುಬಿಟ್ಟೆ.

ಬೈಯುತ್ತಿಲ್ಲ. ನಾನೂ ಹಾಗೇ ಇದ್ದವಳು. ತವರಿನಲ್ಲಿ ಬೆಲ್ಲದ ಕರಿಕಾಫಿ ಕುಡಿದು ಬೆಳೆದೆ. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರಿಗೂ ಹಾಲಿನ ಕಾಫಿ. ನನ್ನೊಬ್ಬಳಿಗೆ ಬೇರೆ ಪಾತ್ರೆ ಯಾಕೆ ಅಂತ ಸುಮ್ಮನಾದೆ. ಯಾರೂ ಬಲವಂತ ಮಾಡಲಿಲ್ಲ, ಅದನ್ನೂ ಹೇಳಬೇಕು. ಅಡುಗೆ ಏನು ಅಂದರೆ ‘ಏನಾದ್ರೂ ಸರಿ’. ಎಲ್ಲಿಗೆ ಹೋಗೋಣ ಅಂದರೆ ‘ನೀವು ಹೇಳಿದಲ್ಲಿಗೆ’. ಸುಮಾರು 20 ವರ್ಷ ಕಳೆದ ಮೇಲೆ ಒಂದು ದಿನ ಎಲ್ಲರೂ ಮದುವೆಮನೆಗೆ ಹೋಗಿದ್ದರು. ಜ್ವರ ಅಂತ ನಾನು ಮನೆಯಲ್ಲೇ ಉಳಿದೆ. ಹಸಿವಾಯಿತು, ಒಲೆ ಮುಂದೆ ಹೋಗಿ ನಿಂತೆ. ಏನು ತಿನ್ನಬೇಕು ಅನ್ನಿಸುತ್ತಿದೆ ಅಂತ ನನಗೇ ತಿಳಿಯಲಿಲ್ಲ. ನಿಂತೇ ಇದ್ದೆ. ಆ ವರ್ಷಗಳಲ್ಲಿ ಬರೆದ ಕಥೆಗಳೂ ಹಾಗೇ ಇವೆ. ಮೊನ್ನೆ ಟ್ರಂಕಿನಿಂದ ತೆಗೆದು ಓದಿದರೆ, ಹೆಸರು ನೋಡದೆ ನನ್ನವು ಅಂತ ಹೇಳಲಾಗಲಿಲ್ಲ.

ಕೊಡಗಿನ ಗೌರಮ್ಮನವರನ್ನು ನೆನೆಸಿಕೊ. 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಆಯುಸ್ಸು ಬರೀ 27 ವರ್ಷ. ಕಥೆಗಳಿಗೆ ಅವರು ಹಾಕುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಗಂಡನ ಹೆಸರೇ ಅದು, ಕಾಲಕ್ಕೆ ಅಷ್ಟು ಬಗ್ಗಿದರು. ಆದರೆ ಕಥೆಯೊಳಗೆ ಹೆಂಗಸರ ಕಷ್ಟ ಹೇಳುವಾಗ ಬಗ್ಗಲಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡವರು ಅವರು! ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಹಾಗಂತ ಯಾರ ಮಾತೂ ಕೇಳಬೇಡ ಅಂತಲ್ಲ. ಕಾಗುಣಿತ ತಿದ್ದಿದರೆ ಥ್ಯಾಂಕ್ಸ್ ಹೇಳು. ದೊಡ್ಡಪ್ಪನ ಮಗನ ಸಂಕಟದಲ್ಲೂ ನ್ಯಾಯ ಇದೆ, ಅವನು ಅದೇ ಊರಲ್ಲಿ ಬಾಳಬೇಕು. ಮನೆತನದ ಹೆಸರು ಬದಲಿಸು, ನಾಪೋಕ್ಲು ಬಿಟ್ಟು ಇನ್ನೊಂದು ಊರು ಮಾಡು. ಜಗಳ ಮಾತ್ರ ಇರಲಿ. ಅದಿಲ್ಲದಿದ್ದರೆ ಅಜ್ಜಿಯ ನಗುವಿಗೆ ಅರ್ಥವಿಲ್ಲ. ಇನ್ನು ಮೇಲೆ ಯಾರಾದರೂ ಏನಾದರೂ ಬದಲಿಸು ಅಂದರೆ ಅವತ್ತೇ ಉತ್ತರ ಕೊಡಬೇಡ. ‘ನೋಡ್ತೀನಿ’ ಅನ್ನು. ನನಗೆ ಆ ಒಂದು ಮಾತು ಬಾಯಿಗೆ ಬರೋಕೇ ವರ್ಷಗಟ್ಟಲೆ ಬೇಕಾಯಿತು. ಮೊದಲ ಸಲ ಹೇಳಿದಾಗ ಕೈ ನಡುಗಿತ್ತು, ನಗಬೇಡ.

ಆಗಸ್ಟ್ 3ಕ್ಕೆ ಮನೆಗೆ ಬಾ. ಮೊದಲ ಪ್ರತಿಯನ್ನೇ ತಾ, ಮಿಕ್ಕ ಎರಡು ಅಲ್ಲೇ ಇರಲಿ. ಮದ್ದುಸೊಪ್ಪಿನ ಪಾಯಸ ಮಾಡಿರುತ್ತೇನೆ. ಬೆಲ್ಲದ ಕಾಫಿಯೂ ಇರುತ್ತದೆ, ಈಗ ಅದಕ್ಕೆ ಬೇರೆ ಪಾತ್ರೆ ಇಟ್ಟಿದ್ದೇನೆ. ಮಾರನೇ ಬೆಳಗಿನ ವಿಷಯ ನಿನಗೆ ಗೊತ್ತೇ ಇದೆಯಲ್ಲ.

ನಿನ್ನ
ಅಕ್ಕ