ಮರಿಯ ಫೋಟೊ ಸಾಕಾಗದು, ತಾಯಿ ನಾಯಿಯನ್ನೂ ತೋರಿಸಲಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರ ನಿಮ್ಮ ಪತ್ರಿಕೆಯನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ವರ್ಗೀಕೃತ ಜಾಹೀರಾತು, ಆಮೇಲೆ ಸುದ್ದಿ. ರಿಟೈರ್ ಆದವನ ಚಟ, ಯಾರು ಏನು ಮಾರುತ್ತಿದ್ದಾರೆ ಅಂತ ಸುಮ್ನೆ ನೋಡುವುದು. ಹೋದ ವಾರ ಹಳೇ ಸ್ಕೂಟರಿಗೂ ಬೋರ್‌ವೆಲ್ ಮೋಟರಿಗೂ ನಡುವೆ ಮೂರು ಸಾಲಿನ ಒಂದು ಜಾಹೀರಾತು ಇತ್ತು. ಲ್ಯಾಬ್, ಪಗ್, ಹಸ್ಕಿ ಮರಿಗಳು ಸಿಗುತ್ತವೆ, 40 ದಿನ, ಹೋಮ್ ಡೆಲಿವರಿ ಇದೆ, ಕೆಳಗೊಂದು ಮೊಬೈಲ್ ನಂಬರ್. ಅಷ್ಟೇ.

ಆ ಮೂರು ಸಾಲು ಓದಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸಬೇಡಿ.

2019ರ ಮಾತು. ಪಿಯುಸಿಯಲ್ಲಿ ಒಳ್ಳೆ ಅಂಕ ಬಂದರೆ ನಾಯಿಮರಿ ಕೊಡಿಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ಅವಳು ಅಂಕ ತಂದಳು. ಇಂಥದೇ ಒಂದು ಜಾಹೀರಾತು ನೋಡಿ ಫೋನ್ ಮಾಡಿದೆ. ಮನೆಗೇ ಬಂದು ನೋಡ್ತೀವಿ ಅಂದರೆ, ಬೇಡ ಸಾರ್, ನಾನೇ ತರ್ತೀನಿ ಅಂದ. ತಾಯಿ ನಾಯಿ ನೋಡಬಹುದಾ ಅಂದೆ. ಅದು ಫಾರ್ಮ್‌ಹೌಸಿನಲ್ಲಿದೆ ಅಂದ. ನಾನೂ ಸರಿ ಅಂದೆ. ಸಂಜೆ ಒಂದು ಪೆಟ್ರೋಲ್ ಬಂಕ್ ಪಕ್ಕ ಬೈಕ್ ನಿಲ್ಲಿಸಿ, ಬಿಸ್ಕತ್ತಿನ ರಟ್ಟಿನ ಡಬ್ಬದಿಂದ ಮರಿ ಎತ್ತಿ ಮಗಳ ಕೈಗಿಟ್ಟ. ನಾನು 12 ಸಾವಿರ ಎಣಿಸಿದೆ. ಎಷ್ಟು ದಿನದ್ದು ಅಂದರೆ, "45 ದಿನ ಸಾರ್, ಎಲ್ಲರೂ ಅಷ್ಟಕ್ಕೇ ಕೊಡೋದು." ಲಸಿಕೆ ಕಾರ್ಡ್ ಕೊಟ್ಟ. ಅದರಲ್ಲಿ ಒಂದು ಸ್ಟಿಕ್ಕರ್ ಇತ್ತು, ಡಾಕ್ಟರ ಸಹಿ ಇರಲಿಲ್ಲ. ಅದನ್ನು ತಿರುವಿ ನೋಡುವ ಬುದ್ಧಿ ನನಗೆ ಬಂದಿದ್ದು ಮರಿ ಸತ್ತ ಮೇಲೆ.

ನಾಲ್ಕನೇ ದಿನ ಅದು ಊಟ ಬಿಟ್ಟಿತು. ರಾತ್ರಿ ವಾಂತಿ, ಬೆಳಿಗ್ಗೆ ರಕ್ತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪಾರ್ವೊ ಅಂದರು ಡಾಕ್ಟರು. ಆ ವೈರಸ್ ಹೊಟ್ಟೆ ಸೇರಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಏನೂ ತೋರಿಸುವುದಿಲ್ಲ, ಮರಿ ಕುಣಿದಾಡಿಕೊಂಡೇ ಇರುತ್ತದೆ, ಮಾರುವವನಿಗೆ ಅಷ್ಟು ದಿನ ಸಾಕು. ಮುಂಗಾಲಿಗೆ ಡ್ರಿಪ್ ಸೂಜಿ ಚುಚ್ಚಿ ಬಿಳಿ ಟೇಪ್ ಸುತ್ತಿದ್ದರು. ಕಾಲಿಗಿಂತ ಟೇಪೇ ದಪ್ಪ ಇತ್ತು. ಮೂರು ದಿನ ಮಗಳು ಕ್ಲಿನಿಕ್ಕಿನ ಬೆಂಚು ಬಿಟ್ಟು ಏಳಲಿಲ್ಲ. ಮಾರಿದವನ ಫೋನ್ ಮೊದಲ ದಿನ ರಿಂಗ್ ಆಯಿತು, ಎರಡನೇ ದಿನದಿಂದ ಸ್ವಿಚ್ ಆಫ್.

ತಪ್ಪು ಅವನದು ಮಾತ್ರ ಅಂತ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಕಾನೂನು ಆಗಲೇ ಇತ್ತು, ನಾನು ಓದಿರಲಿಲ್ಲ. ನಾಯಿ ಸಾಕಿ ಮರಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. ಬ್ರೀಡರ್ ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮುಂಚೆ ಮರಿ ಹಾಕಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಹಾಕಿಸುವಂತಿಲ್ಲ. ಮಾರುವ ಮುಂಚೆ ಮೈಕ್ರೊಚಿಪ್, ಅಂದರೆ ಚರ್ಮದ ಕೆಳಗಿಡುವ ಗುರುತಿನ ಚಿಪ್, ಹಾಕಿಸಬೇಕು. ಎಂಟು ವಾರ ಅಂದರೆ 56 ದಿನ. "ಎಲ್ಲರೂ 45 ದಿನಕ್ಕೇ ಕೊಡೋದು" ಅಂದರೆ ಎಲ್ಲರೂ ಕಾನೂನು ಮುರಿಯುತ್ತಾರೆ ಅಂತ ಅರ್ಥ, ಅಲ್ವಾ? ಆ ದಿನಗಳು ಮರಿಗೆ ಮುಖ್ಯವೂ ಹೌದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅದು ತಾಯಿ ಮತ್ತು ಒಡಹುಟ್ಟಿದವುಗಳ ಹತ್ತಿರವೇ ಕಲಿಯುವುದು. ಬೇಗ ಕಿತ್ತುಕೊಂಡು ಬಂದ ಮರಿ ಆ ಪಾಠವನ್ನು ನಮ್ಮ ಮನೆ ಮಕ್ಕಳ ಕೈ ಮೇಲೆ ಕಲಿಯುತ್ತದೆ. ಆಮೇಲೆ "ಕಚ್ಚುತ್ತೆ" ಅಂತ ಅದನ್ನು ಹೊರಗೆ ಹಾಕುತ್ತಾರೆ.

ಈಗ ಆ ಫಾರ್ಮ್‌ಹೌಸಿನ ತಾಯಿಯ ವಿಷಯ.

ಆಮೇಲೆ ಎರಡು ವರ್ಷ ನಾಯಿಯ ಮಾತೇ ಎತ್ತಲಿಲ್ಲ. 2021ರ ಕೊನೆಗೆ ಮಗಳು ಬೆಂಗಳೂರಿನ ಒಂದು ರೆಸ್ಕ್ಯೂ ಕೇಂದ್ರಕ್ಕೆ ವಾರಕ್ಕೊಮ್ಮೆ ಹೋಗಿ ಕೆಲಸ ಮಾಡಲು ಶುರು ಮಾಡಿದಳು. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಒಂದು ಹೆಣ್ಣು ಲ್ಯಾಬ್ ಕೂತಿತ್ತು. ನೆಲಮಂಗಲದ ಆಚೆ ಹೆದ್ದಾರಿ ಪಕ್ಕ ಯಾರೋ ಬಿಟ್ಟು ಹೋಗಿದ್ದಂತೆ. ವಯಸ್ಸು ಆರೋ ಏಳೋ. ಮೊಲೆಗಳು ಜೋತು ನೆಲ ಸವರುತ್ತಿದ್ದವು. ಸಿಮೆಂಟ್ ನೆಲದ ಮೇಲೇ ಮಲಗಿ ಮಲಗಿ ಮೊಣಕೈ ಕೂದಲೆಲ್ಲ ಉದುರಿ ಆನೆ ಚರ್ಮದ ಹಾಗೆ ಆಗಿತ್ತು. ಮುಂದಿನ ಹಲ್ಲು ಸವೆದು ಹೋಗಿತ್ತು, ಬೋನಿನ ಕಂಬಿ ಕಡಿದು ಹಾಗಾಗಿರಬೇಕು ಅಂದರು. ಮರಿ ಹಾಕುವ ಶಕ್ತಿ ಮುಗಿದ ಮೇಲೆ ಇಂಥವನ್ನು ರಾತ್ರಿ ತಂದು ಬಿಟ್ಟು ಹೋಗುತ್ತಾರೆ, ಇದೇನೂ ಅಪರೂಪ ಅಲ್ಲ ಅಂತ ಅಲ್ಲಿಯ ಹುಡುಗಿ ಹೇಳಿದಳು, ಹೇಳುತ್ತಲೇ ಪಕ್ಕದ ಪಾತ್ರೆ ತೊಳೆಯುತ್ತಿದ್ದಳು. ಜೀವಮಾನದಲ್ಲಿ ಐದು ಸಲಕ್ಕಿಂತ ಜಾಸ್ತಿ ಮರಿ ಹಾಕಿಸಬಾರದು ಅಂತಲೂ ಅದೇ ನಿಯಮದಲ್ಲಿದೆ. ಆ ನಾಯಿಯ ಹೊಟ್ಟೆ ನೋಡಿದರೆ ಯಾರೂ ಲೆಕ್ಕ ಇಟ್ಟ ಹಾಗೆ ಕಾಣಲಿಲ್ಲ.

ನೋಡಬೇಕು ಅಂತ ಕೇಳಿ, ಸಿಗದೆ, ಸರಿ ಅಂತ ಬಿಟ್ಟಿದ್ದೆನಲ್ಲ, ಆ ತಾಯಿಯನ್ನೇ ನೋಡಿದ ಹಾಗಾಯಿತು. ಇದನ್ನೇ ಕರೆದುಕೊಂಡು ಹೋಗೋಣ ಅಂದೆ.

ಕೊಡಲಿಲ್ಲ! ಅಂದರೆ, ಅವತ್ತೇ ಕೊಡಲಿಲ್ಲ. ಎರಡು ಪುಟದ ಫಾರ್ಮ್ ಕೊಟ್ಟರು. ಸ್ವಂತ ಮನೆಯಾ, ಬಾಡಿಗೆಯಾ, ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಇದೆಯಾ. ಕಾಂಪೌಂಡ್ ಎಷ್ಟು ಎತ್ತರ. ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ. ಹಿಂದೆ ನಾಯಿ ಇತ್ತಾ, ಅದಕ್ಕೆ ಏನಾಯಿತು. ಮನೆಯ ಎಲ್ಲರಿಗೂ ಒಪ್ಪಿಗೆ ಇದೆಯಾ, ಅವರನ್ನೂ ಕರೆದುಕೊಂಡು ಬನ್ನಿ. ಆಮೇಲೆ ಒಬ್ಬರು ಮನೆಗೇ ಬಂದು ಗೇಟಿನ ಕಂಬಿ ಸಂದು ಅಳತೆ ನೋಡಿದರು. ನನ್ನ ಹೆಂಡತಿಗೆ ಸಿಟ್ಟೇ ಬಂತು, "ಹೆಣ್ಣು ಕೊಡೋರೂ ಇಷ್ಟು ಕೇಳಲ್ಲ" ಅಂದಳು. ಆದರೆ ಪೆಟ್ರೋಲ್ ಬಂಕಿನವನು ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ಅದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಮುಂದೆ ಮರಿ ಆಗದ ಹಾಗೆ ಆಪರೇಷನ್, ಲಸಿಕೆ ಎಲ್ಲ ಮಾಡಿಸಿಯೇ ಕೊಟ್ಟರು. ಸಾಕಲು ಆಗದಿದ್ದರೆ ಬೇರೆಯವರಿಗೆ ದಾಟಿಸಬೇಡಿ, ನಮಗೇ ವಾಪಸ್ ತನ್ನಿ ಅಂತ ಬರೆಸಿಕೊಂಡರು.

ಗೌರಿ ಅಂತ ಹೆಸರಿಟ್ಟೆವು. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ರೆಸ್ಕ್ಯೂ ಮಾಡುವವರು ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಭಯ, ಮೂರು ವಾರಕ್ಕೆ ಮನೆಯ ಅಭ್ಯಾಸ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ನಂಬಿಕೆ. ಗೌರಿ ಆ ಲೆಕ್ಕಕ್ಕೆ ಸಿಗಲಿಲ್ಲ, ಜಾಸ್ತಿಯೇ ತೆಗೆದುಕೊಂಡಳು. ಅವಳಿಗೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ಮೆಟ್ಟಿಲೇ ನೋಡಿರಲಿಲ್ಲವೋ ಏನೋ. ಮೂರು ಮೆಟ್ಟಿಲಿಗೆ ನನ್ನ ಹೆಂಡತಿ ಒಂದೊಂದು ತುಂಡು ಚಪಾತಿ ಇಟ್ಟುಕೊಂಡು ಹನ್ನೊಂದು ದಿನ ಕೂತಳು. ಹೆಣ್ಣು ಕೊಡೋರೂ ಇಷ್ಟು ಕೇಳಲ್ಲ ಅಂದವಳೇ.

ನಮ್ಮ ರಾಜ್ಯದಲ್ಲಿ ಇಂಥ ಕೆಲಸ ಮಾಡುವವರಿಗೆ ಕೊರತೆ ಇಲ್ಲ. ಬೆಂಗಳೂರಿನಲ್ಲಿ ಕ್ಯೂಪಾ ಅನ್ನುವ ಪ್ರಾಣಿ ರಕ್ಷಣೆಯ ಸಂಸ್ಥೆ 1991ರಿಂದ ಇದೆ. ಮೂರು ಕಾಲಿನ ಚಾರ್ಲಿ ಅನ್ನುವ ನಾಯಿಯ ಹೆಸರಿನಲ್ಲಿ ನಡೆಯುವ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನಲ್ಲಿ ಅನಿಮಲ್ ಕೇರ್ ಟ್ರಸ್ಟ್. ಇನ್ನು ಮನೆಯ ಎರಡನೇ ಬಾತ್‌ರೂಮಿನಲ್ಲೇ ನಾಲ್ಕು ಮರಿ ಇಟ್ಟುಕೊಂಡು ಮನೆ ಹುಡುಕುವ ಹೆಸರಿಲ್ಲದ ಜನ ಎಷ್ಟೋ. ಅಲ್ಲಿ ಜಾಸ್ತಿ ಇರುವುದು ನಮ್ಮ ಬೀದಿಯ ಮರಿಗಳೇ. ಆದರೆ ಲ್ಯಾಬ್, ಪಗ್, ಜರ್ಮನ್ ಶೆಫರ್ಡ್ ಕೂಡ ಇರುತ್ತವೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಹಾಗಂತ ದುಡ್ಡು ಕೊಟ್ಟು ಮರಿ ತರುವವರೆಲ್ಲ ಪಾಪಿಗಳು ಅಂತ ನಾನು ಹೇಳುವುದಿಲ್ಲ. ಕೆಲವು ಪ್ರಾಣಿಪ್ರಿಯರು ಹಾಗೆ ಮಾತಾಡುತ್ತಾರೆ, ಅದರಿಂದ ಜನ ಸಿಟ್ಟಾಗಿ ನೇರ ಪೆಟ್ರೋಲ್ ಬಂಕಿಗೇ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿರುವ ನನ್ನ ಭಾವಮೈದನಿಗೆ ಮುಧೋಳ ನಾಯಿಯ ಹುಚ್ಚು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ, ಸೇನೆಯವರು ತರಬೇತಿಗೆ ತೆಗೆದುಕೊಂಡು ಹೋದ ನಾಯಿ, ಅಂತೆಲ್ಲ ನಮಗೆ ಪಾಠ ಮಾಡುತ್ತಾನೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದವರದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರ ಇದೆ, ಅದನ್ನು ನೋಡಿಕೊಂಡು ಅಲ್ಲೇ ಸುತ್ತಮುತ್ತ ತಲೆಮಾರಿನಿಂದ ನಾಯಿ ಸಾಕಿದ ಒಬ್ಬರ ಮನೆಗೆ ಹೋದ. ಅವರು ಮೊದಲು ತಾಯಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರಂತೆ, ಆಮೇಲೆ ಕೇಳಿದರಂತೆ: ಎಲ್ಲಿ ಇರ್ತೀರಿ? ಎರಡನೇ ಮಹಡಿಯ ಫ್ಲ್ಯಾಟ್ ಅಂದ. "ಹಂಗಾರ ಬ್ಯಾಡ್ರಿ. ಇದು ಓಡೋ ನಾಯಿ. ಒಳಗ ಇಟ್ರ ಸೋಫಾ ತಿಂತೈತಿ, ಆಮ್ಯಾಲ ನೀವು ಅದನ್ನ ಬೈತೀರಿ." ದುಡ್ಡು ಕೈಯಲ್ಲಿತ್ತು, ಆದರೂ ಕೊಡದೆ ಕಳಿಸಿದರು. ಎರಡು ವರ್ಷ ಕಳೆದು ಅವನು ಊರ ಹೊರಗೆ ಮನೆ ಕಟ್ಟಿದ ಮೇಲೆ ಅದೇ ಮನುಷ್ಯ ಮರಿ ಕೊಟ್ಟರು. ಜಂತುಹುಳದ ಔಷಧಿ ಯಾವತ್ತು ಹಾಕಿದ್ದು ಅಂತ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟಿದ್ದರು. ಇವತ್ತಿಗೂ ದೀಪಾವಳಿಗೆ ಫೋನ್ ಮಾಡಿ ನಾಯಿ ಪಟಾಕಿಗೆ ಹೆದರುತ್ತಾ ಅಂತ ಕೇಳುತ್ತಾರೆ. ಇವರನ್ನು ಬ್ರೀಡರ್ ಅನ್ನಿ, ನಾನು ಕೈ ಮುಗಿಯುತ್ತೇನೆ.

ಕೆನಲ್ ಕ್ಲಬ್ ಸರ್ಟಿಫಿಕೇಟ್ ಇದೆ ಅಂತ ಜನ ಮರುಳಾಗುತ್ತಾರೆ. ಅದು ವಂಶಾವಳಿಯ ಕಾಗದ, ಆರೋಗ್ಯದ ಕಾಗದ ಅಲ್ಲ. ಲ್ಯಾಬ್, ಶೆಫರ್ಡ್ ತರುವವರು ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಬೇಕು, ಸೊಂಟದ ಕೀಲಿನ ತೊಂದರೆ ಇವಕ್ಕೆ ವಂಶದಿಂದ ಬರುತ್ತದೆ. ಪಗ್ ಬಗ್ಗೆ ಏನು ಹೇಳಲಿ. ಹಚ್ ಜಾಹೀರಾತು ಬಂದ ಕಾಲದಲ್ಲಿ ನಮ್ಮ ಬೀದಿಯಲ್ಲೇ ಮೂರು ಮನೆಗೆ ಪಗ್ ಬಂದವು, ಮೂರೂ ಬೇಸಿಗೆಯಲ್ಲಿ ಉಸಿರಿಗೆ ಒದ್ದಾಡಿದವು. ಕಲಬುರಗಿಯಲ್ಲಿ ನಮ್ಮ ಪರಿಚಯದವರೊಬ್ಬರು ಹಸ್ಕಿ ಸಾಕಿದ್ದಾರೆ. ಏಪ್ರಿಲ್ ಮೇನಲ್ಲಿ ಅವರ ಮನೆಯ ಎಸಿ ರೂಮಿನಲ್ಲಿ ನಾಯಿ ಮಲಗುತ್ತದೆ, ಅವರು ವರಾಂಡದಲ್ಲಿ.

ಇನ್ನೊಂದು ಜಾತಿಯ ಜಾಹೀರಾತೂ ನಿಮ್ಮಲ್ಲಿ ಬರುತ್ತದೆ. "ವಿದೇಶಕ್ಕೆ ಹೋಗುತ್ತಿರುವುದರಿಂದ ಮೂರು ವರ್ಷದ ಹೆಣ್ಣು ಗೋಲ್ಡನ್ ರಿಟ್ರೀವರ್ ನಾಯಿ ಉಚಿತವಾಗಿ ಕೊಡಲಾಗುವುದು." ಇದು ಒಳ್ಳೆ ಮನಸ್ಸಿನಿಂದ ಕೊಟ್ಟಿದ್ದೇ ಇರಬಹುದು. ಆದರೆ ಆಪರೇಷನ್ ಆಗದ ಜಾತಿ ಹೆಣ್ಣು ನಾಯಿ ಪುಕ್ಕಟೆ ಸಿಗುತ್ತದೆ ಅಂದರೆ ಮೊದಲ ಫೋನ್ ಯಾರದು ಬರುತ್ತದೆ ಯೋಚಿಸಿ. ಫಾರ್ಮ್‌ಹೌಸಿನವನದು. ನಾಯಿಯನ್ನು ಬಿಡಲೇಬೇಕಾದ ಪರಿಸ್ಥಿತಿ ಯಾರಿಗಾದರೂ ಬರುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ಮೊದಲು ಆಪರೇಷನ್ ಮಾಡಿಸಿ, ಆಮೇಲೆ ತಗೊಳ್ಳುವವರ ಮನೆಗೆ ನೀವೇ ಹೋಗಿ ನೋಡಿ, ಹಳೇ ಬೆಡ್‌ಶೀಟ್ ತೊಳೆಯದೆ ಜೊತೆಗೆ ಕಳಿಸಿ, ಅದರಲ್ಲಿ ಮನೆಯ ವಾಸನೆ ಇರುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ವಿಮಾನದ ಟಿಕೆಟ್ ಬುಕ್ ಮಾಡಿದ ದಿನವೇ ಶುರು ಮಾಡಬೇಕು, ಹೊರಡುವ ಹಿಂದಿನ ವಾರ ಅಲ್ಲ.

ಬಿಟ್ಟು ಹೋಗುವವರಿಗೆ ಶಿಕ್ಷೆ ಇಲ್ವಾ ಅಂತ ಕೇಳಬಹುದು. ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಅನ್ನ ನೀರಿಲ್ಲದೆ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಲ್ಲಿ ಆ ದುಡ್ಡಿಗೆ ಒಂದು ಮಸಾಲೆ ದೋಸೆ ಬರುವುದೂ ಕಷ್ಟ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿ ನಾಯಿಗಳ ಬಗ್ಗೆ ಆದೇಶ ಕೊಟ್ಟ ಮೇಲೆ ಎಲ್ಲ ಪತ್ರಿಕೆಯಲ್ಲೂ ಬೀದಿ ನಾಯಿಯದೇ ಚರ್ಚೆ. ಮಾಡಲಿ. ಆದರೆ ಮನೆಯಿಂದ ಬೀದಿಗೆ ಬಿದ್ದ ನಾಯಿಗಳ ವಿಷಯ ಅದರಲ್ಲಿ ಎಲ್ಲೂ ನಾನು ಓದಲಿಲ್ಲ. ಲಾಕ್‌ಡೌನ್‌ನಲ್ಲಿ ಹೊತ್ತು ಹೋಗಲ್ಲ ಅಂತ ತಂದು, ಆಫೀಸ್ ತೆರೆದ ಮೇಲೆ ಬಿಟ್ಟವರು ನಮ್ಮ ಬಡಾವಣೆಯಲ್ಲೇ ಇಬ್ಬರಿದ್ದಾರೆ. 2024ರ ಮಾರ್ಚ್‌ನಲ್ಲಿ ಅಪಾಯಕಾರಿ ಅಂತ 23 ತಳಿಯ ನಾಯಿಗಳನ್ನು ನಿಷೇಧಿಸಿ ಅಂತ ಕೇಂದ್ರದ ಸುತ್ತೋಲೆ ಬಂದಾಗ ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಒಬ್ಬರು ರಾಟ್‌ವೈಲರ್ ತಂದು, ನೀವೇ ಇಟ್ಕೊಳ್ಳಿ ಅಂತ ಚೈನ್ ಕೈಗೆ ಕೊಟ್ಟು ಹೋಗಲು ನೋಡಿದರು. ಆ ಸುತ್ತೋಲೆಯನ್ನು ನಮ್ಮ ಹೈಕೋರ್ಟೇ ಏಪ್ರಿಲ್ 10ರಂದು ರದ್ದು ಮಾಡಿತು. ಒಂದು ತಿಂಗಳು ಕಾಯುವ ತಾಳ್ಮೆ ಇರಲಿಲ್ಲ ಆ ಪುಣ್ಯಾತ್ಮರಿಗೆ.

ನಿಮ್ಮಿಂದ ನನಗೆ ಬೇಕಾಗಿರುವುದು ಇಷ್ಟೇ. ನಾಯಿಮರಿ ಮಾರಾಟದ ಜಾಹೀರಾತು ತೆಗೆದುಕೊಳ್ಳುವಾಗ ನೋಂದಣಿ ಸಂಖ್ಯೆ ಕೇಳಿ, ಅದನ್ನೂ ಅಚ್ಚು ಹಾಕಿ. 56 ದಿನ ಆಗದ ಮರಿಯ ಜಾಹೀರಾತನ್ನು ಕೌಂಟರಿನಲ್ಲೇ ವಾಪಸ್ ಕಳಿಸಿ. ಸೈಟು ಮಾರುವವರಿಗೆ ಖಾತೆ ಇದೆಯಾ ಅಂತ ಓದುಗರೇ ಕೇಳುತ್ತಾರೆ, ಮರಿ ಮಾರುವವರನ್ನು ಯಾರೂ ಏನೂ ಕೇಳುವುದಿಲ್ಲ. ನೋಂದಣಿ ಮಾಡಿಸಿದ ಒಳ್ಳೆಯವರಿಗೆ ಇದರಿಂದ ನಷ್ಟವೇನಿಲ್ಲ, ಅವರು ತಾಯಿಯನ್ನೂ ತೋರಿಸುತ್ತಾರೆ, ಚಹಾನೂ ಕೊಡುತ್ತಾರೆ.

ಮತ್ತೆ, ವಧು ವರರ ಕಾಲಂ ಕೆಳಗೆ ಸ್ವಲ್ಪ ಜಾಗ ಕೊಡಿ. ವಾರಕ್ಕೆ ಒಂದೇ ನಾಯಿ, ರೆಸ್ಕ್ಯೂದಲ್ಲಿ ಮನೆಗಾಗಿ ಕಾಯುತ್ತಿರುವಂಥದ್ದು, ದೊಡ್ಡ ವಯಸ್ಸಿನದ್ದು. ಮರಿಗಳಿಗೆ ಹೇಗೋ ಮನೆ ಸಿಗುತ್ತದೆ. ವಯಸ್ಸು, ಲಸಿಕೆ, ಆಪರೇಷನ್ ಆಗಿದೆಯಾ, ಮಕ್ಕಳ ಜೊತೆ ಹೇಗೆ, ಬೆಕ್ಕಿನ ಜೊತೆ ಹೇಗೆ, ಏನು ಕಂಡರೆ ಭಯ. ನಾಲ್ಕು ಸಾಲು ಸಾಕು. ಉಚಿತವಾಗಿ ಹಾಕಲು ಆಗದಿದ್ದರೆ ದರ ತಿಳಿಸಿ. ಮೊದಲ ನಾಲ್ಕು ಭಾನುವಾರದ ದುಡ್ಡು ನಾನೇ ಕಟ್ಟುತ್ತೇನೆ, ಸೋಮವಾರ ಬೆಳಿಗ್ಗೆ ಗೌರಿಯ ವಾಕಿಂಗ್ ಮುಗಿಸಿಕೊಂಡು ನಿಮ್ಮ ಆಫೀಸಿಗೆ ಬರುತ್ತೇನೆ.

ಇತಿ,
ಒಬ್ಬ ಓದುಗ, ರಾಜಾಜಿನಗರ, ಬೆಂಗಳೂರು