ಕೋಲಾರದಲ್ಲಿ ಪ್ರಶ್ನೆ ಕೇಳಿದಿರಿ, ನಮ್ಮ ಮನಸ್ಸಿನ ಲೆಕ್ಕ ಎಲ್ಲಿ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವಳು. 31 ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿ ಹಳ್ಳಿ ಸುತ್ತಿ ಈಗ ನಿವೃತ್ತಿಯಾಗಿದ್ದೇನೆ. ಊರಲ್ಲಿ ಇವತ್ತಿಗೂ ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ನನ್ನ ಬ್ಯಾಗಿನಲ್ಲಿ ಎಲ್ಲದಕ್ಕೂ ಒಂದೊಂದು ರಿಜಿಸ್ಟರ್ ಇರುತ್ತಿತ್ತು. ಬಸುರಿಯರದ್ದು, ಬಾಣಂತಿಯರದ್ದು, ಲಸಿಕೆಯದ್ದು, ಅರ್ಹ ದಂಪತಿಗಳದ್ದು, ಕಫ ಪರೀಕ್ಷೆಗೆ ಕಳಿಸಿದವರದ್ದು. ಯಾವ ಮನೆಯ ಮಗುವಿಗೆ ಯಾವಾಗ ದಡಾರದ ಸೂಜಿ ಹಾಕಿದ್ದೇವೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಅದೇ ಮಗುವಿನ ತಾಯಿ ಎಷ್ಟು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಿಲ್ಲ ಅಂತ ಬರೆದುಕೊಳ್ಳೋಕೆ ನನ್ನ ಹತ್ತಿರ ಒಂದು ಕಾಲಮ್ಮೂ ಇರಲಿಲ್ಲ.

ಆ ಕಾಲಮ್ಮಿಗಾಗಿ ಈ ಪತ್ರ.

2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಅದಕ್ಕೂ ಮುಂಚೆ ಪ್ರಶ್ನೆಗಳು ಸರಿ ಇವೆಯಾ, ಹಳ್ಳಿಯಲ್ಲಿ ಈ ಕೆಲಸ ನಡೆಯುತ್ತಾ ಅಂತ ಪ್ರಾಯೋಗಿಕವಾಗಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆಮೇಲೆ ನಿಜವಾದ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಪಕ್ಕದ ತಮಿಳುನಾಡು, ಕೇರಳ ಇದ್ದವು, ದೂರದ ಮಣಿಪುರ, ಅಸ್ಸಾಂ, ಪಂಜಾಬ್ ಇದ್ದವು. ಕರ್ನಾಟಕ ಇರಲಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕೂತು ಇಡೀ ದೇಶದ ಮನಸ್ಸಿನ ಲೆಕ್ಕ ಹಾಕಿದ್ದಾರೆ, ಅಲ್ಲಿಂದ ಎರಡು ಗಂಟೆ ದಾರಿಯ ನಮ್ಮೂರಿನ ಲೆಕ್ಕ ಮಾತ್ರ ಆ ಪುಸ್ತಕದಲ್ಲಿ ಇಲ್ಲ. ಇದನ್ನು ತಪ್ಪು ಹುಡುಕೋಕೆ ಹೇಳುತ್ತಿಲ್ಲ. ದೇಶವನ್ನೆಲ್ಲ ನೋಡಬೇಕು ಅಂದಾಗ ಕೆಲವು ರಾಜ್ಯಗಳನ್ನು ಆರಿಸಿಕೊಳ್ಳಲೇಬೇಕಾಗುತ್ತೆ. ಆದರೆ ಅಷ್ಟು ವರ್ಷದಿಂದ ನಮ್ಮ ರಾಜ್ಯದ ಸಭೆಗಳಲ್ಲಿ, ತರಬೇತಿಗಳಲ್ಲಿ ಬೇರೆಯವರ ಅಂಕಿ ಓದಿಕೊಂಡೇ ಬಂದಿದ್ದೇವೆ.

ಆ ಅಂಕಿಗಳಲ್ಲಿ ಒಂದು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ದೇಶದ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಗಂಡಸರು, ಹೆಂಗಸರು ಅಂತ ಬಿಡಿಸಿ ನೋಡಿದರೆ ಗಂಡಸರದೇ ಜಾಸ್ತಿ. ಇಷ್ಟು ಮಾತ್ರ ಓದಿದವರು ಹೆಂಗಸರು ಗಟ್ಟಿಯಾಗಿದ್ದಾರೆ ಬಿಡಿ ಅಂತ ಪುಸ್ತಕ ಮುಚ್ಚಿಬಿಡಬಹುದು. ಇನ್ನೊಂದು ಪುಟ ತಿರುಗಿಸಿದರೆ ಬೇರೆಯದೇ ಕಥೆ ಇದೆ. ಗಂಡಸರ ಲೆಕ್ಕ ಏರಿದ್ದು ಮುಖ್ಯವಾಗಿ ಕುಡಿತದಂಥ ಚಟಗಳಿಂದ. ಖಿನ್ನತೆಯೊಂದನ್ನೇ ತೆಗೆದುಕೊಂಡರೆ ಹೆಂಗಸರಲ್ಲಿ ಜಾಸ್ತಿ, 40ರಿಂದ 49 ವಯಸ್ಸಿನವರಲ್ಲಿ ಜಾಸ್ತಿ, ದೊಡ್ಡ ನಗರಗಳಲ್ಲಿ ಜಾಸ್ತಿ, ವಯಸ್ಸಾದವರಲ್ಲೂ ಜಾಸ್ತಿ. ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ನೋಡಿ, ಒಟ್ಟು ಲೆಕ್ಕ ಒಂದು ಹೇಳುತ್ತೆ, ಬಿಡಿಸಿದ ಲೆಕ್ಕ ಇನ್ನೊಂದು ಹೇಳುತ್ತೆ.

ಈಗ ಎರಡನೇ ಸುತ್ತಿನ ಸಮೀಕ್ಷೆಯಲ್ಲಿ ಎಲ್ಲಾ ರಾಜ್ಯಗಳನ್ನೂ ಸೇರಿಸಿದ್ದಾರೆ. ನನಗೆ ನಿಜವಾಗಿ ಖುಷಿಯಾಯಿತು. ಆದರೂ ಸಾಲದು ಸಾರ್. ಮೊದಲ ಸುತ್ತಿನಲ್ಲಿ 12 ರಾಜ್ಯದಿಂದ ಮಾತಾಡಿಸಿದ ವಯಸ್ಕರು 34,802. ರಾಜ್ಯಕ್ಕೆ ಸರಾಸರಿ 3 ಸಾವಿರದ ಹತ್ತಿರ. ಒಂದು ರಾಜ್ಯಕ್ಕೆ ಒಂದು ಅಂಕಿ ಕೊಡೋಕೆ ಅದು ಸಾಕು. ಆದರೆ ಆ 3 ಸಾವಿರದೊಳಗೆ ರೇಷ್ಮೆ ಸಾಕುವ ಹೆಂಗಸರು ಎಷ್ಟು, ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಎಷ್ಟು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಒಬ್ಬರೇ ಉಳಿದ ಅಜ್ಜಿಯರು ಎಷ್ಟು? ಕೈಬೆರಳಲ್ಲಿ ಎಣಿಸುವಷ್ಟು. ಅಷ್ಟರ ಮೇಲೆ ಯಾರೂ ಏನೂ ಹೇಳೋಕಾಗಲ್ಲ.

ಒಂದು ಘಟನೆ ಹೇಳುತ್ತೇನೆ. ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮತ್ತು ಊರು ಬೇಡ.

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗೆಲ್ಲ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಗೆ ಒಂದು ಫಾರಂ ತುಂಬುತ್ತಾರೆ, ನಿಮಗೆ ಗೊತ್ತೇ ಇದೆ. ಅದರ ಕೊನೆಯಲ್ಲಿ ಎರಡು ಪ್ರಶ್ನೆ ಇವೆ. ಕಳೆದ 2 ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯಾ ಅಂತ ಒಂದು. ಮನಸ್ಸು ಕುಗ್ಗಿದ ಹಾಗೆ, ಭರವಸೆ ಇಲ್ಲದ ಹಾಗೆ ಅನಿಸಿದೆಯಾ ಅಂತ ಇನ್ನೊಂದು. ಒಂದೊಂದಕ್ಕೂ ಸೊನ್ನೆಯಿಂದ 3 ಅಂಕ. ಎರಡೂ ಕೂಡಿ 3ಕ್ಕಿಂತ ಜಾಸ್ತಿ ಬಂದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ನಾನು ನಿವೃತ್ತಿಯಾಗುವ ವರ್ಷ ನಮ್ಮ ಆಶಾ ಜೊತೆ ಒಂದು ಮನೆಗೆ ಹೋಗಿದ್ದೆ. ರೇಷ್ಮೆ ಹುಳದ ಮನೆ. ಒಳಗೆ ಮಳೆ ಬಿದ್ದ ಹಾಗೆ ಚರಚರ ಸದ್ದು, ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಸೊಪ್ಪು ತಿನ್ನುತ್ತಿದ್ದವು. ಆಕೆ ತಟ್ಟೆಯ ಮುಂದೆ ಸೊಪ್ಪಿನ ಕಟ್ಟು ಇಟ್ಟುಕೊಂಡು ಸುಮ್ನೆ ನಿಂತಿದ್ದಳು. ಆಶಾ ಫಾರಂನಲ್ಲಿ ಇದ್ದ ಹಾಗೇ ಓದಿದಳು. ಆಕೆ ಒಂದು ಕ್ಷಣ ನೋಡಿ, "ಸಂತೋಷ ಅಂತ ಯಾವಾಗ ಇತ್ತಕ್ಕಾ, ಈಗ ಕಡಿಮೆ ಆಗೋಕೆ?" ಅಂದಳು. ಆಶಾಗೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಕಡಿಮೆ ಆಗಿಲ್ಲ ಅಂದ ಮೇಲೆ ಸೊನ್ನೆ. ಸೊನ್ನೆ ಹಾಕಿ ಮುಂದಿನ ಮನೆಗೆ ಹೊರಟಳು.

ನಾನು ಹಿಂದೆ ಉಳಿದೆ. ಅವರ ಮನೆಮಾತು ತೆಲುಗು. ನಮ್ಮ ಕಡೆ ಅರ್ಧ ಊರಿನ ಮನೆಮಾತು ತೆಲುಗೇ. ಮನಸು ಬಾಗುಂದಾ, ಮನಸ್ಸು ಚೆನ್ನಾಗಿದೆಯಾ ಅಂತ ತೆಲುಗಿನಲ್ಲಿ ಕೇಳಿದೆ, ಅಷ್ಟೇ. ಆಕೆ ಸೊಪ್ಪಿನ ಕಟ್ಟಿನ ಮೇಲೆ ಕೂತುಬಿಟ್ಟಳು. ಹುಳಕ್ಕೆ ಸೊಪ್ಪು ಹಾಕೋಕೂ ಕೈ ಬರಲ್ಲ, ಹುಳ ಸಾಯುತ್ತೆ ಅಂತ ಗೊತ್ತು, ಆದರೂ ಕೈ ಬರಲ್ಲ ಸಿಸ್ಟರ್ ಅಂದಳು. ಎದೆ ಡವಡವ ಅನ್ನುತ್ತೆ, ಬೆಳಗಿನ ಜಾವ 3 ಗಂಟೆಗೆ ಎಚ್ಚರ ಆದರೆ ಮುಗೀತು, ಬೋರ್‌ವೆಲ್ ಸಾಲ ನೆನಪಾಗುತ್ತೆ, ಮಗಳ ಮದುವೆ ನೆನಪಾಗುತ್ತೆ ಅಂದಳು. ಫಾರಂ ಕೇಳಿದ್ದೂ ಇದನ್ನೇ ಅಲ್ವಾ? ಆದರೆ ಫಾರಂನಲ್ಲಿ ಆಕೆ ಸೊನ್ನೆ.

ಆ ಎದೆ ಡವಡವಕ್ಕಂತೂ ಫಾರಂನಲ್ಲಿ ಜಾಗವೇ ಇಲ್ಲ. ಎರಡೂ ಪ್ರಶ್ನೆ ಖಿನ್ನತೆಯವು, ಆತಂಕದ್ದು ಒಂದೂ ಇಲ್ಲ. ನಮ್ಮ ಹೆಣ್ಣುಮಕ್ಕಳು ಮೊದಲು ಹೇಳೋದೇ ಅದನ್ನು. ಎದೆ ಹೊಡೆದುಕೊಳ್ಳುತ್ತೆ, ಕೈಕಾಲು ಸೋಲುತ್ತೆ, ಗ್ಯಾಸ್ ಏರುತ್ತೆ, ತಲೆ ದಿಮ್ ಅನ್ನುತ್ತೆ. ಮುಸ್ಲಿಂ ಓಣಿಗೆ ಹೋದರೆ ಘಬ್ರಾಹಟ್ ಅನ್ನುತ್ತಾರೆ. ನಾನು ಇಷ್ಟು ವರ್ಷ ಇಂಥವರಿಗೆ ಏನು ಕೊಟ್ಟೆ ಗೊತ್ತಾ? ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ನೋವಿನ ಮಾತ್ರೆ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಅವರು ಮೈ ನೋವು ಅಂತ ಸುಳ್ಳು ಹೇಳುತ್ತಿರಲಿಲ್ಲ, ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಆರ್. ರಘುರಾಮ್ ಮತ್ತು ಜೊತೆಗಾರರು ನಿಮ್ಹಾನ್ಸ್‌ನಲ್ಲಿ ಖಿನ್ನತೆ ಇದ್ದವರನ್ನು ಕೂರಿಸಿಕೊಂಡು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನಸ್ಸಿನ ನೋವು ಜಾಸ್ತಿ ಇದ್ದಷ್ಟೂ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆಯೂ ಜಾಸ್ತಿ ಇತ್ತು. ಮೈ ನೋವಿನ ವಿಷಯದಲ್ಲಿ ಹಾಗಿರಲಿಲ್ಲ. ಸರಿಯಾಗೇ ಇದೆ. ಸೊಂಟ ನೋವು ಅಂದರೆ ಪಕ್ಕದ ಮನೆಯವಳು ಎಣ್ಣೆ ತಂದು ಕೊಡುತ್ತಾಳೆ. ಮನಸ್ಸು ಸರಿ ಇಲ್ಲ ಅಂದರೆ ಮಗಳ ಸಂಬಂಧ ತಪ್ಪಿಹೋಗುತ್ತೆ. ಹಾಗಾಗಿ ನಮ್ಮ ಜನ ಯಾವ ಮಾತಲ್ಲಿ ಸಂಕಟ ಹೇಳಿಕೊಳ್ಳುತ್ತಾರೆ ಅನ್ನೋದನ್ನು ತಿಳಿದು ಪ್ರಶ್ನೆ ಮಾಡಬೇಕು. ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದರೆ ಸೊನ್ನೆಯೇ ಬರುತ್ತೆ, ಆ ಸೊನ್ನೆಗಳನ್ನೆಲ್ಲ ಕೂಡಿಸಿ ಜಿಲ್ಲೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ ವರದಿ ಮೇಲೆ ಹೋಗುತ್ತೆ.

ಇನ್ನು 30ಕ್ಕಿಂತ ಚಿಕ್ಕವರು. ಅವರನ್ನು ಆ ಫಾರಂ ಕೇಳೋದೇ ಇಲ್ಲ. ಬೆಳಗ್ಗೆ ಐದಕ್ಕೆಲ್ಲ ನಮ್ಮ ಕ್ರಾಸಿಗೆ ಬಸ್ಸು ಬಂದು ನಿಲ್ಲುತ್ತೆ, ನರಸಾಪುರ, ಮಾಲೂರು ಕಡೆಯ ಫ್ಯಾಕ್ಟರಿಗಳಿಗೆ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತೆ. ಹತ್ತೊಂಬತ್ತು, ಇಪ್ಪತ್ತರ ಮಕ್ಕಳು. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ, ಸಂಬಳದಲ್ಲಿ ಮನೆಯ ಸಾಲ ತೀರಿಸುತ್ತಾರೆ. ಅವರ ನಿದ್ದೆ, ಅವರ ಎದೆ ಹೊಡೆತ ಯಾವ ರಿಜಿಸ್ಟರಿನಲ್ಲಿದೆ? ಕೆಜಿಎಫ್ ಕಡೆ ಹೋಗಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆ ಕಾಲೋನಿಗಳಿಂದ ಇವತ್ತಿಗೂ ಕತ್ತಲಿರುವಾಗಲೇ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ಸು ಬರುತ್ತಾರೆ. ಅಲ್ಲಿನ ಮನೆಮಾತು ತಮಿಳು. ಒಂದೇ ಜಿಲ್ಲೆ ಸಾರ್, ಆದರೆ ಅವರ ಆತಂಕವೇ ಬೇರೆ, ಟೊಮ್ಯಾಟೊ ಬೆಳೆದವನ ಆತಂಕವೇ ಬೇರೆ, ಅವನ ಹೆಂಡತಿಯದು ಇನ್ನೂ ಬೇರೆ.

ಹೆಂಡತಿ ಅಂದೆನಲ್ಲ, ಆ ಮಾತು ಬಂದಾಗ ಇದನ್ನೂ ಹೇಳಲೇಬೇಕು. ದೇಶದ ಅಪರಾಧ, ಆತ್ಮಹತ್ಯೆಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ 2022ರ ವರದಿ ಪ್ರಕಾರ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಗೃಹಿಣಿಯರು 25 ಸಾವಿರಕ್ಕೂ ಜಾಸ್ತಿ. ರೈತರ ಸಾವಿಗೆ ಸದನದಲ್ಲಿ ಚರ್ಚೆ ಆಗುತ್ತೆ, ಪರಿಹಾರ ಇದೆ, ಆಗಲೇಬೇಕು, ಅವರೂ ನಮ್ಮವರೇ. ಆದರೆ ಈ 25 ಸಾವಿರದ ಬಗ್ಗೆ ಸದನದಲ್ಲಿ ಒಂದು ಪೂರ್ತಿ ದಿನ ಮಾತಾಡಿ ಅಂತ ಕೈಮುಗಿದು ಕೇಳುತ್ತೇನೆ. ಕೌಟುಂಬಿಕ ಕಾರಣ ಅಂತ ಒಂದು ಪದ ಬರೆದು ಮುಗಿಸಿದರೆ ಒಳಗೆ ಏನಿತ್ತು ಅಂತ ಯಾರಿಗೂ ಗೊತ್ತಾಗಲ್ಲ.

ದುಡ್ಡಿಲ್ಲ, ಜನ ಇಲ್ಲ ಅಂತ ದಯವಿಟ್ಟು ಹೇಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಅಂತ ಮನೆಮನೆಗೆ ಬಂದು 60 ಪ್ರಶ್ನೆ ಕೇಳಿದಿರಿ. ನಮ್ಮ ಮನೆಗೂ ಮೇಷ್ಟ್ರು ಬಂದಿದ್ದರು, ಮೊಬೈಲಿನಲ್ಲಿ ನೆಟ್‌ವರ್ಕ್ ಸಿಗದೆ ಮಹಡಿ ಹತ್ತಿ ಕೂತು ತುಂಬಿದರು. ಮನಸ್ಸು ಮಾಡಿದರೆ ರಾಜ್ಯ ಸರ್ಕಾರ ಪ್ರತಿ ಬಾಗಿಲನ್ನೂ ತಟ್ಟಬಲ್ಲದು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಸಣ್ಣ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಅಂತ ತೋರಿಸಿದರು, ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಕಾರ್ಯಕ್ರಮ ಬಂತು. ದಾರಿ ತೋರಿಸಿದ ರಾಜ್ಯ ನಮ್ಮದು. ಈಗಲೂ ನಾವೇ ಮುಂದೆ ಹೋಗಬಹುದು.

ನನ್ನ ಬೇಡಿಕೆ ಇದು. ಆ ಎರಡು ಪ್ರಶ್ನೆಗೆ ಈಗಾಗಲೇ ಆಶಾಗಳು ರಾಜ್ಯದಲ್ಲೆಲ್ಲ ಉತ್ತರ ತುಂಬುತ್ತಿದ್ದಾರೆ. ಯಾರ ಹೆಸರೂ ಇಲ್ಲದೆ ಅದನ್ನು ತಾಲ್ಲೂಕುವಾರು ಬಿಡಿಸಿ, ಹೆಣ್ಣು ಗಂಡು, ವಯಸ್ಸು, ಕಸುಬು, ಮನೆಮಾತು ಹೀಗೆ ವರ್ಷಕ್ಕೊಮ್ಮೆ ಜನರ ಮುಂದೆ ಇಡಿ. 18 ವರ್ಷದಿಂದಲೇ ಕೇಳಿ. ಆತಂಕದ ಎರಡು ಪ್ರಶ್ನೆ ಸೇರಿಸಿ. ನಿಮ್ಹಾನ್ಸ್‌ನವರನ್ನು ಕರೆಸಿ, ಕೋಲಾರದ ತೆಲುಗಿನಲ್ಲಿ, ಕೆಜಿಎಫ್ ತಮಿಳಿನಲ್ಲಿ, ನಮ್ಮ ಕಡೆಯ ಉರ್ದುವಿನಲ್ಲಿ, ಕಲಬುರಗಿಯ ಕನ್ನಡದಲ್ಲಿ, ತುಳುವಿನಲ್ಲಿ ಆ ಪ್ರಶ್ನೆ ಹೇಗೆ ಕೇಳಬೇಕು ಅಂತ ಅಲ್ಲಲ್ಲಿನ ಹೆಂಗಸರನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿಸಿ. ಅತ್ತೆ ಪಕ್ಕದಲ್ಲಿ ನಿಂತಿರುವಾಗ, ಗಂಡ ಜಗಲಿಯಲ್ಲಿ ಕೂತಿರುವಾಗ ಯಾವ ಹೆಣ್ಣೂ ಬಾಯಿ ಬಿಡಲ್ಲ, ಹಾಗಾಗಿ ಆಶಾಗೆ ಒಂದು ಮನೆಗೆ ಇನ್ನೂ ಹದಿನೈದು ನಿಮಿಷ ಕೊಡಿ, ಆ ಹದಿನೈದು ನಿಮಿಷಕ್ಕೆ ದುಡ್ಡೂ ಕೊಡಿ. ಅವಳ ತಲೆ ಮೇಲೆ ಈಗಿರುವ ಹೊರೆಯೇ ಸಾಕಷ್ಟಿದೆ.

ಎಣಿಸಿದ ಮೇಲೆ ಅವರನ್ನು ಎಲ್ಲಿಗೆ ಕಳಿಸೋದು ಅಂತ ನೀವು ಕೇಳಬಹುದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಒಳ್ಳೆಯ ಕೆಲಸ. ಆದರೆ ಹುಳ ನಾಲ್ಕನೇ ಜ್ವರ ಎದ್ದಿರುವಾಗ ಮಂಗಳವಾರವೇ ಬಾ ಅಂದರೆ ಆಕೆ ಹೇಗೆ ಬರೋದು? ಹೊತ್ತು ಹೊತ್ತಿಗೂ ಸೊಪ್ಪು ಹಾಕಬೇಕು. ಯಾವ ತಾಲ್ಲೂಕಿನಲ್ಲಿ ಯಾವ ಕಸುಬಿನವರು ಕಷ್ಟದಲ್ಲಿದ್ದಾರೆ ಅಂತ ಲೆಕ್ಕ ಇದ್ದರೆ ಯಾವ ದಿನ, ಯಾವ ಹೊತ್ತಿಗೆ ವೈದ್ಯರನ್ನು ಕಳಿಸಬೇಕು ಅನ್ನೋದೂ ಗೊತ್ತಾಗುತ್ತೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಆ ನಂಬರನ್ನು ನಮ್ಮೂರ ಹಾಲಿನ ಡೈರಿ ಗೋಡೆ ಮೇಲೆ ಬರೆಸಿದ್ದೇನೆ. ಇದನ್ನು ಓದುತ್ತಿರುವ ಯಾರಿಗಾದರೂ ಬೇಕಾಗಿದ್ದರೆ ಇವತ್ತೇ ಮಾಡಿ.

ಆಕೆಯ ವಿಷಯ ಹೇಳುವುದು ಉಳಿಯಿತು. ಗೂಡು ಮಾರುಕಟ್ಟೆಗೆ ಹೋದ ಮೇಲಿನ ಮಂಗಳವಾರ ನಾನೇ ಜೊತೆಗೆ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ತಿಂಗಳಿಗೊಮ್ಮೆ ಬರಲು ಹೇಳಿದರು. ಮೂರನೇ ತಿಂಗಳು ಬಸ್ಸಿನಲ್ಲಿ ಕೂತಾಗ, "ಸಿಸ್ಟರ್, ಒಗ್ಗರಣೆ ವಾಸನೆ ಮತ್ತೆ ಮೂಗಿಗೆ ಗೊತ್ತಾಗ್ತಾ ಇದೆ" ಅಂದಳು. ಇಲಾಖೆಯ ಫಾರಂನಲ್ಲಿ ಆಕೆಯ ಹೆಸರಿನ ಮುಂದೆ ಇವತ್ತಿಗೂ ಸೊನ್ನೆಯೇ ಇದೆ.

ನಿಮ್ಮ ಉತ್ತರ ಬಂದರೆ ನಮ್ಮ ಆರೋಗ್ಯ ಕೇಂದ್ರದ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಆಶಾಗಳು ತಿಂಗಳ ಸಭೆಗೆ ಬಂದಾಗ ಓದುತ್ತಾರೆ.

ಇಂತಿ ನಮಸ್ಕಾರಗಳು,
ನಿವೃತ್ತ ಆರೋಗ್ಯ ಸಹಾಯಕಿ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ